ಮಾರ್ಚ್ ತಿಂಗಳಿಗೆ 32 ದಿನದ ಹಾಲಿನ ಬಿಲ್ ಬರುತ್ತಿದೆ, ಎಲ್ಲಿ ತಪ್ಪಾಗಿದೆ?

ಹನುಮಂತನಗರ ಹುಡುಗ · ಏಪ್ರಿಲ್ 3, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವ ಹನುಮಂತನಗರದಲ್ಲಿ ಹಾಲಿನ ಬೂತ್ ನಡೆಸುತ್ತಾರೆ. ಸುಮಾರು 140 ಮನೆಗೆ ಬೆಳಿಗ್ಗೆ ಹಾಲು ಹಾಕಿಸುತ್ತಾರೆ. ಇಷ್ಟು ವರ್ಷ ಪುಸ್ತಕದಲ್ಲಿ ಗೀಟು ಹಾಕಿ ಲೆಕ್ಕ ಇಡುತ್ತಿದ್ದರು. ಫೆಬ್ರವರಿಯಲ್ಲಿ ನಾನು ಒಂದು ಚಿಕ್ಕ ಆ್ಯಪ್ ಬರೆದುಕೊಟ್ಟೆ. ಹುಡುಗರು ಮನೆ ಮುಂದೆ ಪ್ಯಾಕೆಟ್ ಇಟ್ಟು ಮೊಬೈಲಿನಲ್ಲಿ ಒಂದು ಬಟನ್ ಒತ್ತುತ್ತಾರೆ, ಆ ಹೊತ್ತಿನ ಟೈಮ್ ಡೇಟಾಬೇಸ್‌ಗೆ ಹೋಗುತ್ತದೆ. ತಿಂಗಳ ಕೊನೆಗೆ ಎಣಿಸಿ ಬಿಲ್ ಮಾಡುತ್ತೇವೆ.

ಮಾರ್ಚ್ ಬಿಲ್ ನಿನ್ನೆ ಕೊಟ್ಟೆವು. ಜಾಸ್ತಿ ಮನೆಗಳಿಗೆ 31 ಸರಿಯಾಗಿ ಬಂದಿದೆ. ಆದರೆ ಮೂರು ಮನೆಗೆ 32, ಐದು ಮನೆಗೆ 30! ಮೂರನೇ ಅಡ್ಡರಸ್ತೆಯ ಒಬ್ಬ ಅಜ್ಜಿ ಗೋಡೆ ಕ್ಯಾಲೆಂಡರ್ ಮೇಲೆ ದಿನಾ ಟಿಕ್ ಹಾಕಿಕೊಳ್ಳುತ್ತಾರೆ. ಆ ಹಾಳೆಯನ್ನೇ ಕಿತ್ತುಕೊಂಡು ಬೂತ್‌ಗೆ ಬಂದು ಮಾವನ ಮುಂದೆ ಇಟ್ಟರು. ಮಾವನಿಗೆ ತುಂಬಾ ಬೇಜಾರಾಗಿದೆ. ಇಪ್ಪತ್ತು ವರ್ಷದಿಂದ ಒಂದು ಪ್ಯಾಕೆಟ್ ಲೆಕ್ಕ ತಪ್ಪಿದವರಲ್ಲ ಅವರು.

ಡೇಟಾಬೇಸ್ ಪೋಸ್ಟ್‌ಗ್ರೆಸ್. ಟೈಮ್ ಇಡುವ ಕಾಲಂ ಮಾಮೂಲಿ ಟೈಮ್‌ಸ್ಟ್ಯಾಂಪ್ (ತಾರೀಕು, ಗಂಟೆ ಎರಡೂ ಇರುವ ಬಗೆ). ಕೋಡ್ ನೋಡ್ ಜೆಎಸ್, ಅಂದರೆ ಸರ್ವರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್. ವಿಚಿತ್ರ ಏನೆಂದರೆ ಸರ್ವರ್‌ನಲ್ಲಿರುವ ಆ್ಯಪ್ ತೆರೆದರೆ ಟೈಮ್ ಸರಿಯಾಗಿ 5:10 ಅಂತ ತೋರಿಸುತ್ತದೆ. ಅದೇ ಕೋಡ್, ಅದೇ ಡೇಟಾಬೇಸ್, ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡಿಸಿದರೆ ರಾತ್ರಿ 11:40 ಅಂತ ಬರುತ್ತದೆ. ರಾತ್ರಿ 11:40ಕ್ಕೆ ಹಾಲು ಯಾರು ಹಾಕುತ್ತಾರೆ? ಎರಡು ದಿನದಿಂದ ತಲೆ ಕೆಟ್ಟುಹೋಗಿದೆ.

ಕಾಫಿಪುಡಿ · ರಾತ್ರಿ 9:15

ಯುಟಿಸಿ. ಜಗತ್ತಿಗೆಲ್ಲ ಒಂದೇ ಆಧಾರ ಸಮಯ ಅದು, ನಮ್ಮದು ಐದೂವರೆ ಗಂಟೆ ಮುಂದೆ. 11:40ಕ್ಕೆ ಐದೂವರೆ ಗಂಟೆ ಸೇರಿಸಿ ನೋಡಿ.

ದತ್ತಾಂಶಪ್ರಿಯೆ · ರಾತ್ರಿ 9:31

ಕಾಫಿಪುಡಿ ಹೇಳಿದ್ದು ಸರಿ, ಆದರೆ 32 ಮತ್ತು 30 ಯಾಕೆ ಅಂತ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಸುಮ್ನೆ ಐದೂವರೆ ಗಂಟೆ ಕೂಡಿಸಿ ಇನ್ನೊಂದು ತಪ್ಪು ಮಾಡಿಕೊಳ್ಳುತ್ತೀರಿ.

ಒಂದೇ ಒಂದು ಸಾಲು ನೋಡೋಣ. ಏಪ್ರಿಲ್ 1, ಬೆಳಿಗ್ಗೆ 5:10ಕ್ಕೆ ಬಟನ್ ಒತ್ತಿದ್ದಾರೆ. ಆಗ ಯುಟಿಸಿಯಲ್ಲಿ ಮಾರ್ಚ್ 31, ರಾತ್ರಿ 11:40. ಮೊಬೈಲ್ ಕಳಿಸಿದ್ದು ಕೊನೆಯಲ್ಲಿ ಝಡ್ ಅಕ್ಷರ ಇರುವ ಯುಟಿಸಿ ಟೈಮ್ ಇರಬೇಕು. ನಿಮ್ಮ ಕಾಲಂ ಟೈಮ್ ಝೋನ್ ಇಲ್ಲದ ಟೈಮ್‌ಸ್ಟ್ಯಾಂಪ್. ಅಂಥ ಕಾಲಂಗೆ ಬರುವ ಝಡ್ ಆಗಲಿ, ಪ್ಲಸ್ 5:30 ಆಗಲಿ, ಪೋಸ್ಟ್‌ಗ್ರೆಸ್ ಬಾಯಿ ಬಿಡದೆ ಕಿತ್ತುಹಾಕುತ್ತದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಉಳಿಯುವುದು ಬರೀ ಮಾರ್ಚ್ 31, 23:40. ಅದು ಎಲ್ಲಿಯ 23:40 ಅಂತ ಆ ಸಾಲಿಗೇ ಗೊತ್ತಿಲ್ಲ.

ಈಗ ಓದುವಾಗ. ನೋಡ್‌ನ ಪೋಸ್ಟ್‌ಗ್ರೆಸ್ ಲೈಬ್ರರಿ ಇಂಥ ಕಾಲಂ ನೋಡಿದರೆ, ತಾನು ಓಡುತ್ತಿರುವ ಮೆಷಿನ್‌ನ ಟೈಮ್ ಝೋನ್ ಅಂದುಕೊಳ್ಳುತ್ತದೆ. ಸರ್ವರ್ ಯುಟಿಸಿಯಲ್ಲಿದೆ, ಅದಕ್ಕೆ ಅಲ್ಲಿ ಸರಿಯಾಗಿ ಬರುತ್ತದೆ, ಬ್ರೌಸರ್ ಅದನ್ನು ನಮ್ಮ ಟೈಮ್‌ಗೆ ತಿರುಗಿಸಿ 5:10 ತೋರಿಸುತ್ತದೆ. ನಿಮ್ಮ ಲ್ಯಾಪ್‌ಟಾಪ್ ಬೆಂಗಳೂರಿನ ಟೈಮ್‌ನಲ್ಲಿದೆ, ಅದಕ್ಕೆ ಅದು ಬೆಂಗಳೂರಿನ 11:40 ಆಗಿಬಿಟ್ಟಿತು.

ಬಿಲ್‌ಗೆ ಬನ್ನಿ. ಎಣಿಸುವುದು ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆ), ಟೈಮ್ ತಿರುಗಿಸಲು ಅಲ್ಲಿ ಬ್ರೌಸರ್ ಇಲ್ಲ. ಅದಕ್ಕೆ 5:30ಕ್ಕೆ ಮುಂಚೆ ಹಾಕಿದ ಹಾಲೆಲ್ಲ ಹಿಂದಿನ ದಿನಕ್ಕೆ ಹೋಗುತ್ತದೆ. ದಿನಾ 5ಕ್ಕೇ ಹಾಲು ಬೀಳುವ ಮನೆಗೆ ಎಲ್ಲ ದಿನವೂ ಒಂದೊಂದು ಹಿಂದಕ್ಕೆ ಸರಿಯುತ್ತದೆ, ಒಟ್ಟು ಮಾತ್ರ 31 ಬರುತ್ತದೆ. ಅದಕ್ಕೇ ನಿಮಗೆ ಗೊತ್ತಾಗಲಿಲ್ಲ. ಮಾರ್ಚ್ 1ಕ್ಕೆ 5:40ಕ್ಕೆ ಹಾಕಿ, ಏಪ್ರಿಲ್ 1ಕ್ಕೆ 5:10ಕ್ಕೆ ಹಾಕಿದ್ದರೆ ಆ ಮನೆಗೆ 32. ಉಲ್ಟಾ ಆದರೆ 30. ಹುಡುಗರು ಮಧ್ಯದಲ್ಲಿ ಹೊತ್ತು ಬದಲಾಯಿಸಿದರಾ? ಕೇಳಿ ನೋಡಿ.

ಹನುಮಂತನಗರ ಹುಡುಗ · ರಾತ್ರಿ 9:48

ಅಕ್ಕ, ಈಗಷ್ಟೇ ಫೋನ್ ಮಾಡಿ ಕೇಳಿದೆ. ಮೂರನೇ ಅಡ್ಡರಸ್ತೆಯಲ್ಲಿ ಡ್ರೈನೇಜ್ ಕೆಲಸಕ್ಕೆ ಅಗೆದಿದ್ದರಂತೆ. ಅದಕ್ಕೆ ಮಾರ್ಚ್ 17ರಿಂದ ಹುಡುಗ ಆ ಬೀದಿಯನ್ನು ಆ ಕಡೆಯಿಂದ ಸುತ್ತುತ್ತಿದ್ದಾನೆ. ಮೊದಲು ಕೊನೆಗೆ ಬರುತ್ತಿದ್ದ ಮನೆಗಳು ಈಗ ಮೊದಲು. ಎಂಟೂ ಮನೆ ಅದೇ ಬೀದಿಯವು! ಮತ್ತೆ 16ನೇ ತಾರೀಕು ಅಜ್ಜಿ ಮನೆಗೆ ಎರಡು ಪ್ಯಾಕೆಟ್ ತೋರಿಸುತ್ತಿದೆ. ನೀವು ಹೇಳಿದ ಹಾಗೇ ಇದೆ.

ಹಳೇಕೋಡು · ರಾತ್ರಿ 10:02

ಇಷ್ಟೆಲ್ಲ ರಾದ್ಧಾಂತ ಯಾಕೆ ಅಂತ ನನಗೆ ಅರ್ಥ ಆಗುತ್ತಿಲ್ಲ. ಹನುಮಂತನಗರದ ಹಾಲು ಹನುಮಂತನಗರದಲ್ಲೇ ಮಾರುವುದು. ನಮ್ಮ ದೇಶಕ್ಕೆ ಇರುವುದು ಒಂದೇ ಸಮಯ. ಬೇಸಿಗೆಗೆ ಗಡಿಯಾರ ಮುಂದೆ ಇಡುವ ಗೋಜು ಇಲ್ಲ. ಐಎಸ್‌ಟಿಯಲ್ಲೇ ಬರೆದು ಐಎಸ್‌ಟಿಯಲ್ಲೇ ಓದಿ. ಹದಿನೆಂಟು ವರ್ಷ ಹೀಗೇ ಮಾಡಿದ್ದೇನೆ. ಯಾರಾದರೂ ಟೇಬಲ್ ತೆರೆದರೆ ಕಣ್ಣಿಗೆ ಕಂಡದ್ದೇ ನಿಜ ಆಗಿರಬೇಕು, ಮನಸ್ಸಿನಲ್ಲಿ ಐದೂವರೆ ಗಂಟೆ ಕೂಡಿಸುತ್ತಾ ಕೂರುವುದಲ್ಲ.

ದತ್ತಾಂಶಪ್ರಿಯೆ · ರಾತ್ರಿ 10:10

ಕಣ್ಣಿಗೆ ಕಂಡದ್ದೇ ನಿಜ ಆಗಿರಬೇಕು ಅನ್ನುವುದನ್ನು ಒಪ್ಪುತ್ತೇನೆ ಸರ್. ಆದರೆ ಯಾರ ಕಣ್ಣಿಗೆ? ಇವರ ಸರ್ವರ್ ಯುಟಿಸಿಯಲ್ಲಿದೆ, ಲ್ಯಾಪ್‌ಟಾಪ್ ಐಎಸ್‌ಟಿಯಲ್ಲಿದೆ. ಬರೀ 5:10 ಅಂತ ಬರೆದಿಟ್ಟರೆ ಲ್ಯಾಪ್‌ಟಾಪ್ ಸರಿ ಓದುತ್ತದೆ, ಸರ್ವರ್ ಬೆಳಿಗ್ಗೆ 10:40 ಅಂತ ತೋರಿಸುತ್ತದೆ. ತಪ್ಪು ಎಲ್ಲೂ ಹೋಗಲಿಲ್ಲ, ಜಾಗ ಬದಲಾಯಿಸಿತು ಅಷ್ಟೆ.

ಹುಡುಗನಿಗೆ ನನ್ನ ಸಲಹೆ: ಟೈಮ್ ಝೋನ್ ಸಹಿತದ ಟೈಮ್‌ಸ್ಟ್ಯಾಂಪ್ ಕಾಲಂ ಬಳಸಿ. ಹೆಸರು ನೋಡಿ ಅದು ಝೋನ್ ಕೂಡ ಇಟ್ಟುಕೊಳ್ಳುತ್ತದೆ ಅಂತ ಬಹಳ ಜನ ತಪ್ಪು ತಿಳಿದಿದ್ದಾರೆ. ಇಡುವುದಿಲ್ಲ. ಎರಡೂ 8 ಬೈಟೇ. ಒಳಗೆ ಬರುವಾಗ ಯುಟಿಸಿಗೆ ತಿರುಗಿಸಿ ಇಡುತ್ತದೆ, ಹೊರಗೆ ಹೋಗುವಾಗ ಕೇಳಿದವರ ಸೆಷನ್ ಝೋನ್‌ಗೆ (ಆ ಸಂಪರ್ಕಕ್ಕೆ ಇಟ್ಟ ಟೈಮ್ ಝೋನ್) ತಿರುಗಿಸಿ ಕೊಡುತ್ತದೆ. ಸೆಷನ್ ಝೋನ್ ಏಷ್ಯಾ/ಕೋಲ್ಕತ್ತಾ (ನಮ್ಮ ದೇಶದ ಝೋನ್‌ಗೆ ಇರುವ ಹೆಸರು) ಅಂತ ಇಟ್ಟರೆ ಹಳೇಕೋಡು ಅವರು ಹೇಳುವ ಹಾಗೆ ಟೇಬಲ್ ತೆರೆದ ತಕ್ಷಣ 5:10 ಕಾಣುತ್ತದೆ, ಪಕ್ಕದಲ್ಲೇ ಪ್ಲಸ್ 5:30 ಕೂಡ.

ಹಳೇಕೋಡು · ರಾತ್ರಿ 10:14

ಅದು ಪೋಸ್ಟ್‌ಗ್ರೆಸ್‌ನಲ್ಲಿ. ಮೈಎಸ್‌ಕ್ಯೂಎಲ್ ಅನ್ನುವ ಇನ್ನೊಂದು ಡೇಟಾಬೇಸ್‌ನಲ್ಲಿ ಅದೇ ಹೆಸರಿನ ಟೈಮ್‌ಸ್ಟ್ಯಾಂಪ್ 2038ರ ಜನವರಿ 19ಕ್ಕೆ ನಿಂತುಹೋಗುತ್ತದೆ, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8:44ಕ್ಕೆ. 2018ರಲ್ಲೇ 20 ವರ್ಷದ ಮನೆ ಸಾಲದ ಕೊನೆ ಕಂತಿನ ತಾರೀಕು ಹಾಕಲು ಹೋಗಿ ನಾವು ಕೈ ಸುಟ್ಟುಕೊಂಡಿದ್ದೇವೆ. ಆವತ್ತಿನಿಂದ ನಾನು ಅಲ್ಲಿಯ ಡೇಟ್‌ಟೈಮ್ ಅನ್ನುವ ಬಗೆ ಬಿಟ್ಟು ಬೇರೆ ಮುಟ್ಟಿಲ್ಲ.

ಕಾಫಿಪುಡಿ · ರಾತ್ರಿ 10:17

ಸಾಲದ ಕಂತಿನ ತಾರೀಕಿಗೆ ಗಂಟೆ ನಿಮಿಷ ಯಾಕೆ ಬೇಕಿತ್ತು ಸರ್? ಬರೀ ಡೇಟ್ ಸಾಕಿತ್ತಲ್ವಾ?

ಹಳೇಕೋಡು · ರಾತ್ರಿ 10:19

ಸಾಕಿತ್ತು. ಟೇಬಲ್ ಮಾಡಿದವರು ನಾವಲ್ಲ, ಆದರೆ ನಿಮ್ಮ ಮಾತು ಸರಿ.

ನಿವೃತ್ತ ಗುಮಾಸ್ತ · ರಾತ್ರಿ 10:40

ಬರೀ ಡೇಟ್ ಅನ್ನುವ ಮಾತು ಬಂದದ್ದಕ್ಕೆ ನನ್ನ ಅನುಭವ ಹೇಳುತ್ತೇನೆ. ನಾನು ಪ್ರೋಗ್ರಾಮರ್ ಅಲ್ಲ. ಕಚೇರಿಯೊಂದರ ಪಿಂಚಣಿ ವಿಭಾಗದಲ್ಲಿದ್ದೆ. ಕಡತವನ್ನೆಲ್ಲ ಕಂಪ್ಯೂಟರ್‌ಗೆ ಏರಿಸುವ ಕಾಲ. ಹೊಸ ಪ್ರೋಗ್ರಾಮ್ ಪರೀಕ್ಷೆ ಮಾಡಲು ನನ್ನನ್ನು ಕೂರಿಸಿದ್ದರು.

ನಮ್ಮಲ್ಲಿ ಜೂನ್ 1 ಹುಟ್ಟಿದ ದಿನ ಇರುವವರು ಬಹಳ. ನಿಮಗೆಲ್ಲ ಗೊತ್ತಿರುತ್ತದೆ, ಹಿಂದೆ ಹಳ್ಳಿ ಶಾಲೆಗೆ ಸೇರಿಸುವಾಗ ತಾರೀಕು ಗೊತ್ತಿಲ್ಲದಿದ್ದರೆ ಮೇಷ್ಟ್ರು ಜೂನ್ 1 ಅಂತ ಬರೆದುಬಿಡುತ್ತಿದ್ದರು. ಪರದೆ ಮೇಲೆ ಅವರೆಲ್ಲ ಮೇ 31 ಆಗಿದ್ದರು. ನನಗೆ ಮೊದಲು ಕಂಡದ್ದೇ ಅದು. ಒಬ್ಬರಿಬ್ಬರಾದರೆ ಬೆರಳಚ್ಚಿನ ತಪ್ಪು ಅನ್ನಬಹುದು, ಅಷ್ಟೂ ಜನರದ್ದೂ ತಪ್ಪಾಗಲು ಹೇಗೆ ಸಾಧ್ಯ?

ಪ್ರೋಗ್ರಾಮ್ ಬರೆದ ಹುಡುಗ ಒಂದು ದಿನ ತಾನೇ ಸರ್, ನಿವೃತ್ತಿ ಹೇಗೂ ಮೇ ಕೊನೆಗೇ ಬರುತ್ತದೆ ಅಂದ. ಅವನ ಮಾತು ಜೂನ್ 1ರವರಿಗೆ ನಿಜ. ನಿಯಮದ ಪ್ರಕಾರ 60 ತುಂಬುವ ತಿಂಗಳ ಕೊನೆ ದಿನ ನಿವೃತ್ತಿ, ಒಂದನೇ ತಾರೀಕು ಹುಟ್ಟಿದವರಿಗೆ ಮಾತ್ರ ಹಿಂದಿನ ತಿಂಗಳ ಕೊನೆ ದಿನ. ಹಾಗಾಗಿ ಜೂನ್ 1 ಆದರೂ ಮೇ 31 ಆದರೂ ಅವರು ಮೇ 31ಕ್ಕೇ ಹೋಗುತ್ತಾರೆ. ಆದರೆ ಜೂನ್ 2 ಹುಟ್ಟಿದವರು? ಅವರು ಜೂನ್ 30ರವರೆಗೆ ಇರಬೇಕು. ಪರದೆಯಲ್ಲಿ ಅವರು ಜೂನ್ 1 ಆಗಿದ್ದರು. ಅಂದರೆ ಮೇ 31ಕ್ಕೆ ಮನೆಗೆ. ಒಂದು ದಿನದ ತಪ್ಪು, ಒಂದು ತಿಂಗಳ ಸಂಬಳ. ಆ ಪಟ್ಟಿಯಲ್ಲಿ ಅಂಥವರು ಇಬ್ಬರಿದ್ದರು, ಒಬ್ಬರು ನನ್ನ ಪಕ್ಕದ ಮೇಜಿನವರೇ. ಕಾಗದ ತೆಗೆದು ತೋರಿಸಿದ ಮೇಲೆ ಹುಡುಗ ಸುಮ್ಮನಾದ, ಆ ರಾತ್ರಿಯೇ ಕೂತು ಸರಿ ಮಾಡಿದ.

ಯಾಕೆ ಒಂದು ದಿನ ಹಿಂದೆ ಹೋಯಿತು ಅಂತ ಆಗ ನನಗೆ ತಿಳಿಯಲಿಲ್ಲ. ಈಗ ನಿಮ್ಮ ಹಾಲಿನ ಕಥೆ ಓದಿದ ಮೇಲೆ ಸ್ವಲ್ಪ ಹೊಳೆಯುತ್ತಿದೆ.

ದತ್ತಾಂಶಪ್ರಿಯೆ · ರಾತ್ರಿ 10:52

ಸರ್, ಇದನ್ನು ಬರೆದದ್ದಕ್ಕೆ ತುಂಬಾ ಧನ್ಯವಾದ. ಆದದ್ದು ಹೀಗಿರಬೇಕು: ಹುಟ್ಟಿದ ದಿನವನ್ನು ದಿನವಾಗಿ ಇಡದೆ ಆ ದಿನದ ನಡುರಾತ್ರಿ 12 ಗಂಟೆ ಅಂತ ಇಟ್ಟಿದ್ದಾರೆ. ನಮ್ಮ ಜೂನ್ 2ರ ನಡುರಾತ್ರಿ ಯುಟಿಸಿಯಲ್ಲಿ ಜೂನ್ 1, ಸಂಜೆ 6:30. ಮುಂದೆ ಯಾರೋ ಗಂಟೆ ಭಾಗ ಕತ್ತರಿಸಿ ತಾರೀಕು ಮಾತ್ರ ತೋರಿಸಿದ್ದಾರೆ.

ಈ ದೇಶದಲ್ಲಿ ಕೋಡ್ ಬರೆಯುವವರು 18:30 ಅನ್ನುವ ಸಂಖ್ಯೆ ಡೇಟಾದಲ್ಲಿ ಕಂಡರೆ ಅಲ್ಲೇ ನಿಲ್ಲಬೇಕು. ಅದು ಯಾರೋ ದಿನ ಒಂದನ್ನು ಗಳಿಗೆಯಾಗಿ ಮಾಡಿದ್ದಾರೆ ಅನ್ನುವುದರ ಗುರುತು. ಹುಟ್ಟಿದ ದಿನಕ್ಕೆ ಝೋನ್ ಇಲ್ಲ. ಅಮೆರಿಕಕ್ಕೆ ಹೋದರೂ ನನ್ನ ಹುಟ್ಟಿದ ದಿನ ಅದೇ. ಬಟನ್ ಒತ್ತಿದ ಗಳಿಗೆ ಬೇರೆ ವಸ್ತು, ಅದು ಭೂಮಿಯ ಮೇಲೆ ಎಲ್ಲರಿಗೂ ಒಂದೇ, ಹೆಸರು ಮಾತ್ರ ಬೇರೆ ಬೇರೆ.

ಹಳೇಕೋಡು · ರಾತ್ರಿ 11:03

ಗುಮಾಸ್ತರ ಕಥೆಗೆ ಒಂದು ಸೇರಿಸುತ್ತೇನೆ. ಎರಡನೇ ಮಹಾಯುದ್ಧದ ಹೊತ್ತಿಗೆ ಇಲ್ಲೂ ಗಡಿಯಾರ ಒಂದು ಗಂಟೆ ಮುಂದೆ ಇಟ್ಟಿದ್ದರು, ಪ್ಲಸ್ 6:30, 1945ರವರೆಗೆ. ಅದು ಕಂಪ್ಯೂಟರ್‌ಗಳು ಬಳಸುವ ಟೈಮ್ ಝೋನ್ ಡೇಟಾಬೇಸ್‌ನಲ್ಲಿ ದಾಖಲಾಗಿದೆ. 1944ರಲ್ಲಿ ಹುಟ್ಟಿದವರ ನಡುರಾತ್ರಿಯನ್ನು ಕೋಲ್ಕತ್ತಾ ಝೋನ್ ಹಾಕಿ ಬರೆದು, ಓದುವಾಗ ಕಣ್ಣು ಮುಚ್ಚಿ 5:30 ಕೂಡಿಸಿದರೆ ಹಿಂದಿನ ದಿನ ರಾತ್ರಿ 11 ಆಗುತ್ತದೆ. ಆ ವಯಸ್ಸಿನ ಪಿಂಚಣಿದಾರರು ಈಗಲೂ ನಮ್ಮ ನಡುವೆ ಇದ್ದಾರೆ.

ಪೈಥಾನ್ ಪ್ರೇಮಿ · ರಾತ್ರಿ 11:20

ನಮ್ಮದು 23 ನಿಮಿಷದ ಕಥೆ. ಒಂದು ಕ್ಲಿನಿಕ್‌ಗೆ ಅಪಾಯಿಂಟ್‌ಮೆಂಟ್ ಮೆಸೇಜ್ ಕಳಿಸುವ ಕೋಡ್ ಬರೆದಿದ್ದೆ. ಹತ್ತು ಗಂಟೆಗೆ ಬನ್ನಿ ಅಂತ ಹೋಗಬೇಕಾದದ್ದು 9:37 ಅಂತ ಹೋಗುತ್ತಿತ್ತು. ಐದೂವರೆ ಗಂಟೆ ವ್ಯತ್ಯಾಸ ಆದರೆ ಯುಟಿಸಿ ಅಂತ ಗೊತ್ತಾಗುತ್ತದೆ. 23 ನಿಮಿಷ ಎಲ್ಲಿಂದ ಬಂತು? ಸರ್ವರ್ ಗಡಿಯಾರ ಹಿಂದೆ ಬಿದ್ದಿದೆ ಅಂತ ಒಂದು ವಾರ ಅದನ್ನೇ ನೋಡಿದೆ.

ಕೊನೆಗೆ ಸಿಕ್ಕಿದ್ದು ಪೈಥಾನ್‌ನ ಪೈಟಿಝಡ್ ಅನ್ನುವ ಟೈಮ್ ಝೋನ್ ಲೈಬ್ರರಿಯಲ್ಲಿ. ಅದರ ಕೋಲ್ಕತ್ತಾ ಝೋನ್ ವಸ್ತುವನ್ನು ನೇರವಾಗಿ ಡೇಟ್‌ಟೈಮ್ ಮಾಡುವಾಗ ಕೊಟ್ಟರೆ ಅದು ಪಟ್ಟಿಯಲ್ಲಿರುವ ಎಲ್ಲಕ್ಕಿಂತ ಹಳೆಯ ಸಮಯ ಹಿಡಿಯುತ್ತದೆ. ಅಂದರೆ ಕಲ್ಕತ್ತಾದ ಸ್ಥಳೀಯ ಸೂರ್ಯ ಸಮಯ, ಪ್ಲಸ್ 5:53! ಅದರಲ್ಲಿ 5:30 ಕಳೆದರೆ 23 ನಿಮಿಷ. ಲೋಕಲೈಝ್ ಅನ್ನುವ ಫಂಕ್ಷನ್ ಮೂಲಕ ಹೋಗಬೇಕಿತ್ತು. ಪೈಥಾನ್ 3.9ರಿಂದ ಝೋನ್‌ಇನ್ಫೋ ಅನ್ನುವ ಲೈಬ್ರರಿ ಭಾಷೆಯ ಜೊತೆಗೇ ಬರುತ್ತದೆ, ಅದರಲ್ಲಿ ಈ ತೊಂದರೆ ಇಲ್ಲ. ಹೊಸ ಕೋಡ್‌ಗೆ ಅದನ್ನೇ ಬಳಸಿ.

ಮಲ್ಲೇಶ್ವರದ ಮಾತುಗಾರ · ರಾತ್ರಿ 11:34

ಇದು ನನಗೆ ತುಂಬಾ ಇಷ್ಟದ ವಿಷಯ, ಸ್ವಲ್ಪ ದಾರಿ ತಪ್ಪುತ್ತೇನೆ. ನಮ್ಮ ಐಎಸ್‌ಟಿ 1906ರ ಜನವರಿ 1ರಿಂದ ಬಂದದ್ದು. 82.5 ಡಿಗ್ರಿ ರೇಖಾಂಶದ ಲೆಕ್ಕ, ಮಿರ್ಜಾಪುರದ ಹತ್ತಿರ ಹಾದುಹೋಗುವ ರೇಖೆ. ಅದಕ್ಕೆ ಮುಂಚೆ ರೈಲುಗಳು ಮದ್ರಾಸ್ ಸಮಯ ಹಿಡಿದು ಓಡುತ್ತಿದ್ದವು, ಯುಟಿಸಿಗಿಂತ 5 ಗಂಟೆ 21 ನಿಮಿಷ ಚಿಲ್ಲರೆ ಮುಂದೆ. ಐಎಸ್‌ಟಿ ಬಂದ ಮೇಲೂ ಬಾಂಬೆಯವರು 1955ರವರೆಗೆ ತಮ್ಮ ಹಳೆಯ ಸಮಯ ಬಿಡಲಿಲ್ಲ.

ಬೆಂಗಳೂರು ಇರುವುದು 77.6 ಡಿಗ್ರಿ ಹತ್ತಿರ. ಡಿಗ್ರಿಗೆ ನಾಲ್ಕು ನಿಮಿಷ. ಹಾಗಾಗಿ ನಮ್ಮ ನೆತ್ತಿಯ ಮೇಲೆ ಸೂರ್ಯ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಸರಾಸರಿ 12:20ರ ಆಸುಪಾಸು. ಲಾಲ್‌ಬಾಗ್ ಬಂಡೆ ಮೇಲೆ ಒಂದು ಕೋಲು ನೆಟ್ಟು ನೆರಳು ನೋಡಿ, ಗೊತ್ತಾಗುತ್ತದೆ.

ಪಂಚಾಂಗದ ಮನೆ · ರಾತ್ರಿ 11:41

ಸೂರ್ಯನ ಮಾತು ಬಂತಲ್ಲ. ನಮ್ಮ ಮನೆಯಲ್ಲಿ ವಾರ ಬದಲಾಗುವುದು ಸೂರ್ಯೋದಯಕ್ಕೆ. ಬೆಳಗಿನ ಜಾವ ಐದಕ್ಕೆ ಹುಟ್ಟಿದ ಮಗುವಿಗೆ ಹಿಂದಿನ ದಿನದ ವಾರವನ್ನೇ ಬರೆಯುತ್ತಾರೆ. ಆಸ್ಪತ್ರೆ ಕಾಗದದಲ್ಲಿ ಶನಿವಾರ, ಜಾತಕದಲ್ಲಿ ಶುಕ್ರವಾರ. ಎರಡೂ ಸರಿ. ದಿನ ಯಾವಾಗ ಶುರು ಅನ್ನುವುದು ಒಪ್ಪಂದ ಅಷ್ಟೆ.

ದರ್ಶಿನಿ ಲೆಕ್ಕಿಗ · ರಾತ್ರಿ 11:58

ಈ ಮಾತನ್ನು ನಾನು ದಿನಾ ಬದುಕುತ್ತೇನೆ. ನಾವು ರಾತ್ರಿ ಒಂದಕ್ಕೆ ಬಾಗಿಲು ಹಾಕುವ ಹೋಟೆಲಿನವರು. ನಮ್ಮ ದಿನ ಮುಗಿಯುವುದು ಗಲ್ಲಾ ಎಣಿಸಿ ಬೀಗ ಹಾಕಿದ ಮೇಲೆ. ಮೊದಲು ಇದ್ದ ಬಿಲ್ಲಿಂಗ್ ಪ್ರೋಗ್ರಾಮ್ 12 ಆದ ತಕ್ಷಣ ದಿನ ಬದಲಾಯಿಸುತ್ತಿತ್ತು. ಶನಿವಾರ ರಾತ್ರಿಯ ಕೊನೆ ಒಂದು ಗಂಟೆ ವ್ಯಾಪಾರ ಭಾನುವಾರಕ್ಕೆ ಹೋಗುತ್ತಿತ್ತು, ಗಲ್ಲಾ ಮತ್ತು ಕಂಪ್ಯೂಟರ್ ಒಂದು ದಿನವೂ ತಾಳೆ ಆಗುತ್ತಿರಲಿಲ್ಲ. ಆಮೇಲೆ ಪ್ರೋಗ್ರಾಮ್‌ನವರಿಗೆ ಹೇಳಿ ವ್ಯಾಪಾರದ ದಿನ ಅಂತ ಬೇರೆ ಕಾಲಂ ಮಾಡಿಸಿದೆವು. ಬಿಲ್ ಆದ ಟೈಮ್ ಅದರ ಪಾಡಿಗೆ ಇರುತ್ತದೆ.

ಹಾಲಿಗೂ ಹಾಗೇ ಮಾಡಿ ತಮ್ಮ.

ಹನುಮಂತನಗರ ಹುಡುಗ · ಏಪ್ರಿಲ್ 4, ಬೆಳಿಗ್ಗೆ 6:40

ಎಲ್ಲ ಓದಿದೆ. ರಾತ್ರಿ ಒಂದು ಪ್ರಯತ್ನ ಮಾಡಿ ಇನ್ನೂ ಕೆಡಿಸಿಕೊಂಡೆ. ಬಿಲ್ ಎಣಿಸುವ ಎಸ್‌ಕ್ಯೂಎಲ್ ಕ್ವೆರಿಯಲ್ಲಿ ಅಟ್ ಟೈಮ್ ಝೋನ್ ಅಂತ ಹಾಕಿ ಏಷ್ಯಾ/ಕೋಲ್ಕತ್ತಾ ಕೊಟ್ಟೆ. 5:10 ಬರಬೇಕಾದ ಸಾಲು ಹಿಂದಿನ ದಿನ ಸಂಜೆ 6:10 ಆಯಿತು. ಮುಂದೆ ಹೋಗಬೇಕಾದದ್ದು ಹಿಂದೆ ಯಾಕೆ ಹೋಗುತ್ತದೆ?

ದತ್ತಾಂಶಪ್ರಿಯೆ · ಬೆಳಿಗ್ಗೆ 7:05

ಇದರಲ್ಲಿ ಎಲ್ಲರೂ ಒಮ್ಮೆ ಬೀಳುತ್ತಾರೆ. ಆ ಮಾತಿಗೆ ಎರಡು ಅರ್ಥ ಇದೆ. ಝೋನ್ ಸಹಿತದ ಕಾಲಂ ಮೇಲೆ ಹಾಕಿದರೆ, ಈ ಗಳಿಗೆ ಕೋಲ್ಕತ್ತಾ ಗಡಿಯಾರದಲ್ಲಿ ಎಷ್ಟು ಅಂತ ಕೇಳಿದ ಹಾಗೆ. ಝೋನ್ ಇಲ್ಲದ ಕಾಲಂ ಮೇಲೆ ಹಾಕಿದರೆ, ಈ ಅಂಕಿಯನ್ನು ಕೋಲ್ಕತ್ತಾ ಗಡಿಯಾರದ್ದು ಅಂದುಕೋ ಅಂತ ಹೇಳಿದ ಹಾಗೆ. ನೀವು 23:40 ಅನ್ನು ಕೋಲ್ಕತ್ತಾದ್ದು ಅಂದಿರಿ, ಅದು ಯುಟಿಸಿಗೆ ಹೋಗಿ 18:10 ಆಯಿತು.

ನಿಮ್ಮ ಹಳೆಯ ಸಾಲಿಗೆ ಎರಡು ಸಲ ಹಾಕಬೇಕು. ಮೊದಲು ಯುಟಿಸಿ, ಆಮೇಲೆ ಏಷ್ಯಾ/ಕೋಲ್ಕತ್ತಾ. ಮೊದಲನೆಯದು ಇದು ಯುಟಿಸಿ ಅಂತ ಗುರುತು ಹಚ್ಚುತ್ತದೆ, ಎರಡನೆಯದು ತಿರುಗಿಸುತ್ತದೆ. ಕಾಲಂ ಬಗೆ ಬದಲಾಯಿಸುವಾಗಲೂ ಅಷ್ಟೆ. ಯೂಸಿಂಗ್ ಅಂತ ಬರೆದು ಅಟ್ ಟೈಮ್ ಝೋನ್ ಯುಟಿಸಿ ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಆ ಹೊತ್ತಿನ ಸೆಷನ್ ಝೋನ್ ಹಿಡಿಯುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಿಂದ ಮಾಡಿದರೆ ಒಂದು ಫಲಿತಾಂಶ, ಸರ್ವರ್‌ನಿಂದ ಮಾಡಿದರೆ ಇನ್ನೊಂದು ಬರಬಹುದು. ಬ್ಯಾಕಪ್ ತೆಗೆಯದೆ ಮುಟ್ಟಬೇಡಿ.

ಇನ್ನೊಂದು. ಝೋನ್‌ಗೆ ಐಎಸ್‌ಟಿ ಅಂತ ಮೂರಕ್ಷರ ಬರೆಯಬೇಡಿ. ಪೋಸ್ಟ್‌ಗ್ರೆಸ್‌ನ ಮಾಮೂಲಿ ಪಟ್ಟಿಯಲ್ಲಿ ಅದು ಇಸ್ರೇಲ್ ಸಮಯ, ಪ್ಲಸ್ 2. ಪೂರ್ತಿ ಹೆಸರೇ ಬರೆಯಿರಿ.

ರಾತ್ರಿಪಾಳಿ · ಬೆಳಿಗ್ಗೆ 7:30

ಯುಟಿಸಿ ಒಂದೇ ಸಾಕು ಅಂತ ಯಾರೂ ನಂಬಬೇಡಿ. ಆಗಿಹೋದದ್ದಕ್ಕೆ ಸರಿ. ಮುಂದೆ ಆಗುವುದಕ್ಕೆ ಸಾಲದು. ನಮ್ಮ ಕ್ಯಾಲಿಫೋರ್ನಿಯಾ ಮೀಟಿಂಗ್ ಅವರ ಬೆಳಿಗ್ಗೆ 9ಕ್ಕೆ. ಬೇಸಿಗೆಯಲ್ಲಿ ನಮಗೆ ರಾತ್ರಿ 9:30, ಚಳಿಗಾಲದಲ್ಲಿ 10:30. ಮಾರ್ಚ್ ಎರಡನೇ ಭಾನುವಾರ ಮತ್ತು ನವೆಂಬರ್ ಮೊದಲ ಭಾನುವಾರ ಅವರ ಗಡಿಯಾರ ಬದಲಾಗುತ್ತದೆ. ನಮ್ಮ ಟೀಮ್ ಬರೆದ ಪ್ರೋಗ್ರಾಮ್ ಇಡೀ ವರ್ಷದ ಮೀಟಿಂಗ್‌ಗಳನ್ನು ಜನವರಿಯಲ್ಲೇ ಚಳಿಗಾಲದ ಲೆಕ್ಕ ಹಿಡಿದು ಯುಟಿಸಿ ಮಾಡಿ ಇಟ್ಟುಬಿಟ್ಟಿತ್ತು. ಅವರಿಗೆ ಮಾರ್ಚ್‌ನಲ್ಲಿ ಬೆಳಿಗ್ಗೆ 10ಕ್ಕೆ ಗಂಟೆ ಬಾರಿಸಿತು. ಇಂಥ ಕಡೆ ಅಲ್ಲಿಯ ಗಂಟೆ ಮತ್ತು ಅಲ್ಲಿಯ ಝೋನ್ ಹೆಸರು ಎರಡನ್ನೂ ಹಾಗೇ ಇಟ್ಟು, ಹತ್ತಿರ ಬಂದಾಗ ಲೆಕ್ಕ ಹಾಕಬೇಕು.

ಹಳೇಕೋಡು · ಬೆಳಿಗ್ಗೆ 8:10

ನೋಡಿ, ಕೊನೆಗೆ ಎಲ್ಲರೂ ಸ್ಥಳೀಯ ಸಮಯಕ್ಕೇ ಬಂದಿರಿ.

ರಾತ್ರಿಪಾಳಿ · ಬೆಳಿಗ್ಗೆ 8:14

ಝೋನ್ ಹೆಸರು ಜೊತೆಗಿಟ್ಟುಕೊಂಡು ಬಂದಿದ್ದೇವೆ ಸರ್. ವ್ಯತ್ಯಾಸ ಅದೇ.

ಕಾಫಿಪುಡಿ · ಬೆಳಿಗ್ಗೆ 9:20

ಹುಡುಗ, ಬಿಲ್ ಕ್ವೆರಿಯಲ್ಲಿ ಬಿಟ್ವೀನ್ ಇದ್ದರೆ ಅದನ್ನೂ ತೆಗೆಯಿರಿ. ಮಾರ್ಚ್ 1ರಿಂದ 31ರ ನಡುವೆ ಅಂತ ಬರೆದರೆ 31 ಶುರುವಾಗುವ ನಡುರಾತ್ರಿಗೇ ನಿಂತುಹೋಗುತ್ತದೆ, 31ರ ಹಾಲು ಹೊರಗೆ ಉಳಿಯುತ್ತದೆ. ಕೆಲವರು 23:59:59.999 ಅಂತ ಹಾಕುತ್ತಾರೆ. ಎಸ್‌ಕ್ಯೂಎಲ್ ಸರ್ವರ್ ಅನ್ನುವ ಡೇಟಾಬೇಸ್‌ನ ಹಳೆಯ ಡೇಟ್‌ಟೈಮ್ ಅದನ್ನು ದುಂಡು ಮಾಡಿ ಮಾರನೇ ದಿನಕ್ಕೇ ತಳ್ಳುತ್ತದೆ. ಮಾರ್ಚ್ 1 ಅಥವಾ ನಂತರ, ಏಪ್ರಿಲ್ 1ಕ್ಕಿಂತ ಮುಂಚೆ. ಇಷ್ಟೇ ಬರೆಯಿರಿ. ಕಾಲಂ ಸುತ್ತ ಫಂಕ್ಷನ್ ಸುತ್ತಬೇಡಿ, ಬೇಗ ಹುಡುಕಲು ಇರುವ ಮಾಮೂಲಿ ಇಂಡೆಕ್ಸ್ ಕೆಲಸಕ್ಕೆ ಬರುವುದಿಲ್ಲ.

ಹನುಮಂತನಗರ ಹುಡುಗ · ಸಂಜೆ 7:15

ಇವತ್ತು ಮಾಡಿದ್ದು ಹೇಳುತ್ತೇನೆ. ಬ್ಯಾಕಪ್ ತೆಗೆದೆ. ಹಳೆಯ ಕಾಲಂ ಬಗೆ ಬದಲಾಯಿಸಿದೆ, ಈಗ ಲ್ಯಾಪ್‌ಟಾಪ್ ಮತ್ತು ಸರ್ವರ್ ಎರಡರಲ್ಲೂ 5:10 ಬರುತ್ತದೆ. ದರ್ಶಿನಿ ಅಣ್ಣ ಹೇಳಿದ ಹಾಗೆ ಹಾಲಿನ ದಿನ ಅಂತ ಬರೀ ಡೇಟ್ ಕಾಲಂ ಸೇರಿಸಿದೆ. ಬಿಲ್ ಅದರ ಮೇಲೇ ಎಣಿಸುತ್ತದೆ.

ಆದರೆ ಹೊಸ ತೊಂದರೆ! ಆ ಡೇಟ್ ಕಾಲಂ ಸರ್ವರ್‌ನಲ್ಲಿ ಏಪ್ರಿಲ್ 4, ಲ್ಯಾಪ್‌ಟಾಪ್‌ನಲ್ಲಿ ಏಪ್ರಿಲ್ 3, 18:30 ಝಡ್. 18:30 ಕಂಡ ತಕ್ಷಣ ಅಕ್ಕ ಹೇಳಿದ್ದು ನೆನಪಾಗಿ ನಿಂತೆ.

ಮಲ್ಲೇಶ್ವರದ ಮಾತುಗಾರ · ಸಂಜೆ 7:22

ಒಂದೇ ವಿಷಯವನ್ನು ಎರಡು ಕಾಲಂನಲ್ಲಿ ಇಟ್ಟರೆ ಯಾವತ್ತಾದರೂ ಒಂದಕ್ಕೊಂದು ತಾಳೆ ಆಗುವುದಿಲ್ಲ. ಗಳಿಗೆಯಿಂದಲೇ ದಿನ ಲೆಕ್ಕ ಹಾಕಬಹುದಲ್ವಾ? ಎರಡನೇ ಕಾಲಂ ಯಾಕೆ?

ದರ್ಶಿನಿ ಲೆಕ್ಕಿಗ · ಸಂಜೆ 7:30

ಒಂದೇ ವಿಷಯ ಅಲ್ಲ ಸರ್. ಹುಡುಗನ ಫೋನ್ ಚಾರ್ಜ್ ಹೋಗಿ ಮಧ್ಯಾಹ್ನ ಮನೆಗೆ ಹೋಗಿ ಬಟನ್ ಒತ್ತಿದ ಅಂದುಕೊಳ್ಳಿ. ಇಲ್ಲ, ನಿನ್ನೆ ಮರೆತ ಮನೆಯನ್ನು ಇವತ್ತು ಗುರುತು ಮಾಡಿದ. ಒತ್ತಿದ್ದು ಇವತ್ತು, ಹಾಲು ನಿನ್ನೆಯದು. ಗಳಿಗೆಯನ್ನು ಎಷ್ಟೇ ತಿರುಗಿಸಿದರೂ ನಿನ್ನೆ ಅನ್ನುವುದು ಅದರೊಳಗಿಂದ ಬರುವುದಿಲ್ಲ.

ಮಲ್ಲೇಶ್ವರದ ಮಾತುಗಾರ · ಸಂಜೆ 7:33

ಹೌದು, ಇದನ್ನು ಯೋಚಿಸಿರಲಿಲ್ಲ. ಒಪ್ಪಿದೆ.

ದತ್ತಾಂಶಪ್ರಿಯೆ · ಸಂಜೆ 7:50

ಹುಡುಗ, ನಿಂತದ್ದು ಒಳ್ಳೆಯದಾಯಿತು. ಡೇಟಾಬೇಸ್‌ನಲ್ಲಿ ತಪ್ಪಿಲ್ಲ, ಅಲ್ಲಿ ಬರೀ ಏಪ್ರಿಲ್ 4 ಇದೆ. ನಿಮ್ಮ ಲೈಬ್ರರಿ ಅದನ್ನು ಎತ್ತಿಕೊಂಡು ಲ್ಯಾಪ್‌ಟಾಪ್‌ನ ನಡುರಾತ್ರಿಯ ಡೇಟ್ ವಸ್ತು ಮಾಡಿಕೊಡುತ್ತದೆ, ಜಾವಾಸ್ಕ್ರಿಪ್ಟ್‌ನಲ್ಲಿ ಬರೀ ದಿನ ಇಡುವ ವಸ್ತು ಹಿಂದಿನಿಂದಲೂ ಇರಲಿಲ್ಲ. ಅದನ್ನು ಜೇಸನ್ (ಬ್ರೌಸರ್‌ಗೆ ಕಳಿಸುವ ಅಕ್ಷರ ರೂಪ) ಮಾಡುವಾಗ ಯುಟಿಸಿಗೆ ಹೋಗುತ್ತದೆ. ಗುಮಾಸ್ತರ ಜೂನ್ 2 ನೆನಪಿದೆಯಲ್ಲ, ಅದೇ.

ಲೈಬ್ರರಿಯಲ್ಲಿ ಟೈಪ್ ಪಾರ್ಸರ್ (ಡೇಟಾಬೇಸ್‌ನಿಂದ ಬಂದದ್ದನ್ನು ವಸ್ತುವಾಗಿ ಮಾಡುವ ಭಾಗ) ಬದಲಾಯಿಸುವ ದಾರಿ ಇದೆ. ಡೇಟ್ ಬಗೆಯ ಸಂಖ್ಯೆ 1082. ಅದಕ್ಕೆ ಬಂದ ಅಕ್ಷರಗಳನ್ನು ಹಾಗೇ ವಾಪಸ್ ಕೊಡುವ ಒಂದು ಸಾಲಿನ ಫಂಕ್ಷನ್ ಹಾಕಿ. ದಿನ ಮೊದಲಿಂದ ಕೊನೆಯವರೆಗೆ ಅಕ್ಷರಗಳಾಗಿಯೇ ಸಾಗಲಿ. ಜಾವಾದವರಿಗೆ ಬರೀ ದಿನ ಇಡಲು ಲೋಕಲ್‌ಡೇಟ್ ಇದೆ, 2014ರ ಜಾವಾ 8ರಿಂದ.

ಹನುಮಂತನಗರ ಹುಡುಗ · ರಾತ್ರಿ 8:25

ಹಾಕಿದೆ. ಎರಡೂ ಕಡೆ ಏಪ್ರಿಲ್ 4.

ಮಾರ್ಚ್ ಬಿಲ್ ಮತ್ತೆ ಓಡಿಸಿದೆ. ಎಂಟೂ ಮನೆಗೆ 31. ಅಜ್ಜಿಯ ಕ್ಯಾಲೆಂಡರ್ ಹಾಳೆ ಫೋಟೋ ತೆಗೆದುಕೊಂಡಿದ್ದೆ, ಒಂದೊಂದು ಟಿಕ್‌ಗೂ ಒಂದೊಂದು ಸಾಲು ಹೊಂದಿಸಿ ನೋಡಿದೆ. ಪೂರ್ತಿ ತಾಳೆ. ಮಾವ ನಾಳೆ ಬೆಳಿಗ್ಗೆ ತಾವೇ ಹೋಗಿ ಹೊಸ ಬಿಲ್ ಕೊಟ್ಟು ಬರುತ್ತಾರಂತೆ. 30 ಬಂದಿದ್ದ ಐದು ಮನೆಗೆ ಉಳಿದ ಒಂದು ಪ್ಯಾಕೆಟ್ ದುಡ್ಡು ಕೇಳುವುದು ಬೇಡ, ತಪ್ಪು ನಮ್ಮದು ಅಂದರು.

ಒಂದು ಪ್ರಶ್ನೆ ಉಳಿದಿದೆ. ಟೈಮ್ ಕಳಿಸುವುದು ಹುಡುಗರ ಫೋನ್. ಒಬ್ಬನ ಹಳೆಯ ಫೋನ್ ಗಡಿಯಾರ ಹತ್ತು ನಿಮಿಷ ಮುಂದಿದೆ. ಸರ್ವರ್ ಟೈಮ್ ತೆಗೆದುಕೊಳ್ಳಲಾ?

ಕಾಫಿಪುಡಿ · ರಾತ್ರಿ 8:31

ಎರಡೂ ಇಡಿ. ನೆಟ್‌ವರ್ಕ್ ಇಲ್ಲದೆ ತಡವಾಗಿ ಬಂದ ಸಾಲಿಗೆ ಸರ್ವರ್ ಟೈಮ್ ಸುಳ್ಳು ಹೇಳುತ್ತದೆ, ಗಡಿಯಾರ ಕೆಟ್ಟ ಫೋನಿಗೆ ಫೋನ್ ಟೈಮ್ ಸುಳ್ಳು ಹೇಳುತ್ತದೆ. ಮತ್ತೆ ಆ ಹುಡುಗನ ಫೋನಿನ ಸೆಟ್ಟಿಂಗ್‌ನಲ್ಲಿ ಟೈಮ್ ತಾನಾಗಿ ಹೊಂದುವ ಹಾಗೆ ಮಾಡಿ.

ರಾತ್ರಿಪಾಳಿ · ರಾತ್ರಿ 8:40

ರಾತ್ರಿ 12ಕ್ಕೆ ಓಡಲಿ ಅಂತ ಕ್ರಾನ್ (ಹೇಳಿದ ಹೊತ್ತಿಗೆ ತಾನಾಗಿ ಓಡುವ ಕೆಲಸ) ಏನಾದರೂ ಹಾಕಿದ್ದರೆ ನೋಡಿ. ಸರ್ವರ್‌ನ 12 ಅಂದರೆ ನಮ್ಮ ಬೆಳಿಗ್ಗೆ 5:30. ನಿಮ್ಮ ಹುಡುಗರು ಅರ್ಧ ಬೀದಿ ಸುತ್ತಿರುತ್ತಾರೆ.

ಹನುಮಂತನಗರ ಹುಡುಗ · ರಾತ್ರಿ 8:44

ಅಯ್ಯೋ, ಇದೆ. ಮಾರನೇ ದಿನದ ಮನೆಗಳ ಪಟ್ಟಿ ತಯಾರಾಗುವುದೇ ಅದರಲ್ಲಿ. ಬೆಳಿಗ್ಗೆ ಪಟ್ಟಿ ಮಧ್ಯದಲ್ಲಿ ಬದಲಾಗುತ್ತದೆ ಅಂತ ಹುಡುಗರು ಹೇಳುತ್ತಲೇ ಇದ್ದರು, ಫೋನ್ ತೊಂದರೆ ಅಂದುಕೊಂಡಿದ್ದೆ. ಈಗಲೇ ಬದಲಾಯಿಸುತ್ತೇನೆ, ನಾಳೆ 4:45ಕ್ಕೆ ಬೂತ್‌ನಲ್ಲಿ ಅವರ ಜೊತೆ ನಿಂತು ನೋಡುತ್ತೇನೆ.

ದತ್ತಾಂಶಪ್ರಿಯೆ · ರಾತ್ರಿ 8:50

ನೋಡಿ ಬಂದು ಇಲ್ಲಿ ಬರೆಯಿರಿ. ಬ್ಯಾಕಪ್ ಮಾತ್ರ ಅಳಿಸಬೇಡಿ, ಏಪ್ರಿಲ್ ಬಿಲ್ ವಸೂಲಿ ಆಗುವವರೆಗೂ ಇರಲಿ.